ಲೈಕಾ ಎಂ ಕ್ಯಾಮೆರಾಗೆ 50 ಎಂಎಂ ಫಾಸ್ಟ್ (ಹೆಚ್ಚು ಬೆಳಕು ಬಿಡುವ) ಲೆನ್ಸ್ ಬೇಕು: ಲೈಕಾದ್ದೇ ಆದ ನಾಕ್ಟಿಲಕ್ಸ್, ಸುಮಿಲಕ್ಸ್, ಇಲ್ಲ ಝೈಸ್ ಸಿ ಸೋನಾರ್, ಯಾವುದು ವಾಸಿ?

ಒಂದೇ ಲೆನ್ಸ್ ಸಾಕು ಅಂದ್ರೆ ಸುಮಿಲಕ್ಸ್ ಎಫ್/1.4 ಆಸ್ಫೆರಿಕಲ್ (ಎಫ್ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಒಳಗೆ ಬಿಡುವ ಬೆಳಕು ಜಾಸ್ತಿ). ಪೂರ್ತಿ ತೆರೆದಾಗಲೂ ಚಿತ್ರ ಚೂಪಾಗಿ ಬರುತ್ತದೆ, 0.7 ಮೀಟರ್ ಹತ್ತಿರದವರೆಗೂ (2023ರಲ್ಲಿ ಬಂದ ಹೊಸದಾದರೆ 0.45 ಮೀಟರ್‌ವರೆಗೂ) ಫೋಕಸ್ ಆಗುತ್ತದೆ.

ನಾಕ್ಟಿಲಕ್ಸ್ ಎಫ್/0.95 ಕೇಳೋಕೆ ಚೆಂದ, ಆದರೆ ಸುಮಿಲಕ್ಸ್‌ಗಿಂತ ಸಿಗುವ ಬೆಳಕು ಸುಮಾರು ಒಂದು ಸ್ಟಾಪ್ (ಅಂದರೆ ಎರಡರಷ್ಟು) ಮಾತ್ರ ಜಾಸ್ತಿ. ಅದಕ್ಕೆ 700 ಗ್ರಾಂ ತೂಕ ಹೊರಬೇಕು, ವ್ಯೂಫೈಂಡರ್‌ನ ಒಂದು ಮೂಲೆಗೆ ಲೆನ್ಸೇ ಅಡ್ಡ ಬರುತ್ತದೆ, ಬೆಲೆಯ ಮಾತು ಬಿಡಿ. ಒಂದು ಮೀಟರ್ ದೂರದಲ್ಲಿ ಫೋಕಸ್ ನಿಲ್ಲುವ ಆಳ ಬರೀ ಎರಡು ಸೆಂಟಿಮೀಟರ್ ಆಸುಪಾಸು. ಎದುರಿಗಿರುವವರು ಸ್ವಲ್ಪ ಮುಂದಕ್ಕೆ ಬಾಗಿದರೂ ಕಣ್ಣು ಹೋಗಿ ಕಿವಿ ಫೋಕಸ್ ಆಗಿರುತ್ತದೆ! ರೇಂಜ್‌ಫೈಂಡರ್ (ದೂರ ಅಳೆದು ಫೋಕಸ್ ಮಾಡಲು ಎಂ ಕ್ಯಾಮೆರಾದಲ್ಲಿರುವ ವ್ಯವಸ್ಥೆ) ಹೊಂದಾಣಿಕೆ ಒಂಚೂರು ತಪ್ಪಿದ್ದರೂ ಅಷ್ಟೇ.

ಸಿ ಸೋನಾರ್ ಎಫ್/1.5 ಚಿಕ್ಕದು, ಹಗುರ, ಮುಖದ ಚಿತ್ರಗಳಿಗೆ ಒಂಥರಾ ಮೃದುವಾದ ಚೆಲುವು ಕೊಡುತ್ತದೆ. ತೊಂದರೆ ಎಂದರೆ ಫೋಕಸ್ ಶಿಫ್ಟ್: ಎಫ್/1.5ಗೆ ಸರಿಯಾಗಿ ಹೊಂದಿಸಿದ ಲೆನ್ಸ್ ಅನ್ನು ಎಫ್/2.8ಕ್ಕೆ ಕಿರಿದು ಮಾಡಿದರೆ ಫೋಕಸ್ ಹಿಂದಕ್ಕೆ ಜಾರುತ್ತದೆ. ರೇಂಜ್‌ಫೈಂಡರ್‌ನಲ್ಲಿ ನಾವು ಲೆನ್ಸ್ ಮೂಲಕ ನೋಡುವುದಿಲ್ಲ ಅಲ್ವಾ, ಹಾಗಾಗಿ ಅದು ಆಗ ಗೊತ್ತೇ ಆಗಲ್ಲ. ಡಿಜಿಟಲ್ ಎಂನಲ್ಲಿ ಲೈವ್ ವ್ಯೂ (ಲೆನ್ಸ್ ಕಾಣುವುದನ್ನೇ ಪರದೆಯಲ್ಲಿ ತೋರಿಸುವುದು) ಇದ್ದರೆ ನೋಡಿಕೊಳ್ಳಬಹುದು.

ದುಡ್ಡು ಕಮ್ಮಿ ಇದ್ದರೆ ಫೋಕ್ಟ್‌ಲೆಂಡರ್ ನಾಕ್ಟನ್ ಎಫ್/1.5 ತಗೊಳ್ಳಿ, ದುಡ್ಡಿನ ಲೆಕ್ಕ ಹಾಕುವಾಗ ನಾನಾದರೆ ಸುಮಿಲಕ್ಸ್‌ಗೂ ಮುಂಚೆ ಅದನ್ನೇ ನೋಡುತ್ತೇನೆ.