ಊರಲ್ಲಿ ವಾಹನ ವೈರಿಂಗ್ ಅಂಗಡಿ ಹಾಕಬೇಕು, ಎಲ್ಲಿಂದ ಶುರು ಮಾಡಲಿ?

ನೀವು ಐಟಿಐ ಮುಗಿಸಿದ್ದೀರಿ, ಹುಬ್ಬಳ್ಳಿಯ ಒಂದು ಕಾರ್ ಆಕ್ಸೆಸರೀಸ್ ಅಂಗಡಿಯಲ್ಲಿ ಆರು ವರ್ಷ ಕೆಲಸ ಮಾಡಿದ್ದೀರಿ. ಈಗ ಊರಿಗೆ ಹೋಗಿ ಗಿರಾಕಿ ಕೇಳಿದ ಹಾಗೆ ವೈರಿಂಗ್ ಮಾಡಿಕೊಡುವ ಸ್ವಂತ ಅಂಗಡಿ ಹಾಕುವ ಆಸೆ. ಕೈಯಲ್ಲಿ ಎರಡು ಲಕ್ಷ ಇದೆ. ಯಾವ ಗಾಡಿ ಹಿಡಿಯಲಿ, ಏನೇನು ಸಾಮಾನು ಬೇಕು, ರೇಟು ಹೇಗೆ ಹಾಕಲಿ, ಹುಡುಗನನ್ನು ಇಟ್ಟುಕೊಳ್ಳಬೇಕಾ ಎಂದು ಕೇಳಿದ್ದೀರಿ. ನಾನು ಬಾಗಲಕೋಟೆ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಗೊತ್ತಿದ್ದಷ್ಟು ಬಿಡಿಸಿ ಹೇಳುತ್ತೇನೆ.

ಮೊದಲನೆಯದು, ಬಂದ ಗಾಡಿಗೆಲ್ಲ ಕೈ ಹಾಕಬೇಡಿ. ಕಾರು, ಬೈಕು, ಜೆಸಿಬಿ, ಬಸ್ಸು ಎಲ್ಲಾ ಮಾಡುತ್ತೇನೆ ಎಂದು ಬೋರ್ಡ್ ಬರೆಸಿದರೆ ಪ್ರತಿ ಗಾಡಿಯೂ ಹೊಸ ಪಾಠ ಆಗುತ್ತದೆ. ಅರ್ಧ ದಿನ ವೈರ್ ಹುಡುಕುವುದರಲ್ಲೇ ಹೋಗುತ್ತದೆ, ಆ ಅರ್ಧ ದಿನಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ನಿಮ್ಮ ಊರಲ್ಲಿ ಯಾವ ಗಾಡಿ ಜಾಸ್ತಿ ಇದೆ, ಅದರಲ್ಲಿ ಯಾವ ವೈರಿಂಗ್ ಪದೇ ಪದೇ ಹಾಳಾಗುತ್ತದೆ ಎಂದು ಒಂದು ತಿಂಗಳು ಸುಮ್ನೆ ನೋಡಿ. ಆ ಒಂದು ಕೆಲಸವನ್ನು ಸುತ್ತಮುತ್ತ ಯಾರೂ ಮಾಡದಷ್ಟು ಚೆನ್ನಾಗಿ ಮಾಡಿ.

ನಮ್ಮ ಕಡೆ ಅದು ಕಬ್ಬಿನ ಟ್ರಾಲಿ. ಸೀಸನ್ ಶುರುವಾದರೆ ಒಂದೊಂದು ಟ್ರ್ಯಾಕ್ಟರ್ ಹಿಂದೆ ಎರಡೆರಡು ಟ್ರಾಲಿ. ಬಹಳಷ್ಟಕ್ಕೆ ಹಿಂದಿನ ಲೈಟೇ ಇರುವುದಿಲ್ಲ. ಇದ್ದರೂ ಹೊಲದಲ್ಲಿ ಕಿತ್ತು ಹೋಗಿರುತ್ತದೆ, ಇಲ್ಲವೇ ಹೊರಗೆ ಚಾಚಿದ ಕಬ್ಬಿನ ಹಿಂದೆ ಮುಚ್ಚಿ ಹೋಗಿರುತ್ತದೆ. ಕತ್ತಲಲ್ಲಿ ನಿಂತ ಟ್ರಾಲಿಗೆ ಬೈಕ್ ಹೊಡೆದ ಸುದ್ದಿ ನಮಗೆ ಪ್ರತಿ ಸೀಸನ್‌ನಲ್ಲೂ ಬರುತ್ತದೆ. ಅಂಥ ಒಂದು ಮನೆಗೆ ಹೋಗಿ ಕೂತು ಬಂದ ಮೇಲೆಯೇ ನಾನು ಈ ಕೆಲಸ ಹಿಡಿದದ್ದು.

ರೈತರು ಬಂದು ಹೇಳುವ ಮಾತು ಒಂದೇ: "ಅಣ್ಣಾ, ಲೈಟ್ ಹತ್ತವಲ್ದು ನೋಡ್ರಿ." ನೂರರಲ್ಲಿ ಅರ್ಧಕ್ಕಿಂತ ಜಾಸ್ತಿ ಸಲ ನನಗೆ ಸಿಕ್ಕ ಕಾರಣ ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಟ್ರಾಲಿಗೆ ಬೇರೆ ಅರ್ತ್ ವೈರ್ ಎಳೆದಿರುವುದಿಲ್ಲ. ಎಳೆಯುವ ಕೊಂಡಿಯ ಪಿನ್ ಮೂಲಕವೇ ಕರೆಂಟ್ ವಾಪಸ್ ಹೋಗಲಿ ಎಂದು ಬಿಟ್ಟಿರುತ್ತಾರೆ. ಆ ಪಿನ್‌ನಲ್ಲಿ ಗ್ರೀಸ್, ತುಕ್ಕು, ಮಣ್ಣು. ಗಾಡಿ ಕುಲುಕಿದಾಗ ಹತ್ತುತ್ತದೆ, ನಿಂತಾಗ ಆರುತ್ತದೆ. ಬ್ರೇಕ್ ತುಳಿದರೆ ಇಂಡಿಕೇಟರ್ ಮಿಣುಕುತ್ತದೆ, ಯಾಕೆಂದರೆ ಅರ್ತ್ ಸಿಗದ ಕರೆಂಟ್ ಬೇರೆ ಬಲ್ಬಿನ ಒಳಗಿಂದ ದಾರಿ ಹುಡುಕುತ್ತದೆ. ಟ್ರ್ಯಾಕ್ಟರ್‌ನಿಂದಲೇ ಒಂದು ದಪ್ಪ ಅರ್ತ್ ವೈರ್ ಎಳೆದರೆ ಈ ತಾಪತ್ರಯ ಅಲ್ಲಿಗೆ ಮುಗಿಯಿತು.

ಇನ್ನೊಂದು ತೊಂದರೆ ಟ್ರಾಲಿಯ ವೈರಿಂಗನ್ನು ಟ್ರ್ಯಾಕ್ಟರಿಗೆ ಸಿಕ್ಕಿಸುವ ಏಳು ಪಿನ್ನಿನ ಸಾಕೆಟ್. ಐಎಸ್‌ಒ 1724 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಅದಕ್ಕೊಂದು ಕ್ರಮ ಇದೆ: 1 ಎಡ ಇಂಡಿಕೇಟರ್, 2 ಹಿಂದಿನ ಫಾಗ್ (ಮಂಜಿನ) ಲೈಟ್, 3 ಅರ್ತ್, 4 ಬಲ ಇಂಡಿಕೇಟರ್, 5 ಬಲ ಟೇಲ್, 6 ಬ್ರೇಕ್, 7 ಎಡ ಟೇಲ್. ಆದರೆ ಒಬ್ಬೊಬ್ಬ ಮಿಸ್ತ್ರಿ ಒಂದೊಂದು ರೀತಿ ಜೋಡಿಸಿರುತ್ತಾನೆ. ಸೀಸನ್‌ನಲ್ಲಿ ಟ್ರಾಲಿಗಳು ಒಂದು ಟ್ರ್ಯಾಕ್ಟರ್‌ನಿಂದ ಇನ್ನೊಂದಕ್ಕೆ ಬದಲಾಗುತ್ತಲೇ ಇರುತ್ತವೆ. ಆಗ ಎಡಕ್ಕೆ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟ್ ಹತ್ತುತ್ತದೆ. ನಾನು ಮೊದಲ ದಿನದಿಂದ ಇದೇ ಕ್ರಮಕ್ಕೆ ಅಂಟಿಕೊಂಡೆ. ಈಗ ನನ್ನ ಕೈಯಿಂದ ಹೋದ ಯಾವ ಟ್ರಾಲಿಯನ್ನು ನಾನು ಮಾಡಿದ ಯಾವ ಟ್ರ್ಯಾಕ್ಟರ್‌ಗೆ ಸಿಕ್ಕಿಸಿದರೂ ಲೈಟ್ ಸರಿಯಾಗಿ ಹತ್ತುತ್ತದೆ. ನನ್ನ ಅಂಗಡಿಗೆ ಜನ ಬರುವುದಕ್ಕೆ ದೊಡ್ಡ ಕಾರಣ ಇದೇ.

ವೈರ್ ದಪ್ಪದ ಲೆಕ್ಕ ಕಲಿಯಿರಿ, ಅಂದಾಜಿನ ಮೇಲೆ ಬಿಡಬೇಡಿ. ಎರಡು 21 ವ್ಯಾಟ್ ಬ್ರೇಕ್ ಬಲ್ಬ್ ಅಂದರೆ 12 ವೋಲ್ಟ್‌ನಲ್ಲಿ 3.5 ಆಂಪಿಯರ್. ಕರೆಂಟ್ ಹೋಗುವುದು 10 ಮೀಟರ್, ವಾಪಸ್ ಬರುವುದು 10 ಮೀಟರ್. 0.75 ಸ್ಕ್ವೇರ್ ಎಂಎಂ ವೈರ್ ಹಾಕಿದರೆ ದಾರಿಯಲ್ಲೇ ಸುಮಾರು 1.6 ವೋಲ್ಟ್ ಕಳೆದುಹೋಗುತ್ತದೆ. ಬಲ್ಬಿನ ಬೆಳಕು ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. 1.5 ಹಾಕಿದರೆ ನಷ್ಟ ಅರ್ಧ. ಎಲ್‌ಇಡಿ ಲ್ಯಾಂಪ್ ಹಾಕಿದರೆ ಕರೆಂಟೇ ಬಹಳ ಕಡಿಮೆ, ಆಗ ತೆಳು ವೈರ್ ಸಾಕು. ಆದರೂ ನಾನು 1ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹೊಲದ ಎಳೆತ ತಡೆಯಬೇಕಲ್ಲ.

ಈಗ ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಅಂಗಡಿ ಹಾಕಿದ ಮೊದಲ ವರ್ಷ. ಒಬ್ಬರು ಟ್ರ್ಯಾಕ್ಟರ್‌ಗೆ ಸೌಂಡ್ ಸಿಸ್ಟಮ್ ಹಾಕಿಸಿದರು. ಬ್ಯಾಟರಿಯಿಂದ ಸೀಟಿನ ಹಿಂದಿನ ಆಂಪ್ಲಿಫೈಯರ್‌ಗೆ ದಪ್ಪ ವೈರ್ ಎಳೆದೆ. ಫ್ಯೂಸ್ ಹಾಕಿದೆ, ಆದರೆ ಬದಲಾಯಿಸಲು ಸುಲಭ ಆಗಲಿ ಎಂದು ಆಂಪ್ಲಿಫೈಯರ್ ಪಕ್ಕದಲ್ಲಿ ಹಾಕಿದೆ. ಬಾನೆಟ್ಟಿನ ತಗಡಿನ ಅಂಚಿನಲ್ಲಿ ವೈರ್ ಉಜ್ಜಿ ಉಜ್ಜಿ ತೊಗಟೆ ಹೋಯಿತು, ತಂತಿ ತಗಡಿಗೇ ತಾಗಿತು. ಬ್ಯಾಟರಿಯಿಂದ ಆ ಜಾಗದವರೆಗೆ ಫ್ಯೂಸೇ ಇರಲಿಲ್ಲ. ವೈರ್ ಕೆಂಪಗೆ ಕಾದು ಪಕ್ಕದ ವೈರಿಂಗನ್ನೆಲ್ಲ ಸುಟ್ಟಿತು. ಮಾಲೀಕರು ಬ್ಯಾಟರಿ ಟರ್ಮಿನಲ್ಲನ್ನು ಬರಿಗೈಯಲ್ಲಿ ಕಿತ್ತು ಉಳಿಸಿದರು, ಬೆರಳು ಸುಟ್ಟವು. ನಾನು ಇಡೀ ವೈರಿಂಗ್ ಹೊಸದಾಗಿ ಮಾಡಿಕೊಟ್ಟೆ. ಆದರೆ ಆ ಬೆರಳು ನೋಡಿದ ನೆನಪು ಇವತ್ತಿಗೂ ಹೋಗಿಲ್ಲ.

ಫ್ಯೂಸ್ ಇರುವುದು ವೈರನ್ನು ಕಾಯುವುದಕ್ಕೆ. ಹಾಗಾಗಿ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಅದು ಇರಬೇಕು, ಮತ್ತು ಅದರ ಅಳತೆ ವೈರಿಗೆ ಹೊಂದಬೇಕು. ತಗಡು ದಾಟುವ ಕಡೆಯಲ್ಲೆಲ್ಲ ತೂತಿಗೆ ಕೂರಿಸುವ ರಬ್ಬರ್ ಬಳೆ (ಗ್ರಾಮೆಟ್), ಉದ್ದಕ್ಕೂ ಸುರುಳಿ ಸ್ಲೀವ್. ಗಿರಾಕಿ ಫ್ಯೂಸ್ ಹಾರಿತು ಎಂದು ನೀಲಿ ಬಣ್ಣದ 15 ಆಂಪಿಯರ್ ಫ್ಯೂಸ್ ತೆಗೆದು ಹಸಿರು ಬಣ್ಣದ 30 ಆಂಪಿಯರ್ ಹಾಕಿಕೊಂಡು ಬಂದರೆ, ಕೂರಿಸಿ ಅದು ಯಾಕೆ ಅಪಾಯ ಎಂದು ಹೇಳಿ ಕಳಿಸಿ. ಹೇಳಿದರೆ ಕೇಳುತ್ತಾರೆ, ಯಾರೂ ಹೇಳಿರುವುದಿಲ್ಲ ಅಷ್ಟೆ.

ಸಾಮಾನು. ಎಲ್ಲಕ್ಕಿಂತ ಮೊದಲು ಒಳ್ಳೆಯ ರಾಚೆಟ್ ಕ್ರಿಂಪಿಂಗ್ ಪ್ಲೈಯರ್ ತೆಗೆದುಕೊಳ್ಳಿ, ವೈರಿನ ತುದಿಗೆ ಲೋಹದ ಥಿಂಬಲ್ ಒತ್ತಿ ಕೂರಿಸುವ (ಕ್ರಿಂಪ್ ಮಾಡುವ) ಪಕ್ಕಡ್ ಅದು. ಸಾದಾ ಪಕ್ಕಡ್‌ನಿಂದ ಥಿಂಬಲ್ ಒತ್ತುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಒತ್ತುವುದಕ್ಕಿಂತ ಬೆಸುಗೆ ಗಟ್ಟಿ ಎಂದು ಹಲವರು ನಂಬಿದ್ದಾರೆ. ಆದರೆ ಸೀಸ ವೈರಿನ ಎಳೆಗಳ ಒಳಗೆ ಹರಿದು ಅಲ್ಲಿ ವೈರ್ ಕಡ್ಡಿಯ ಹಾಗೆ ಬಿಗಿಯಾಗುತ್ತದೆ, ಟ್ರ್ಯಾಕ್ಟರ್ ಕುಲುಕಾಟಕ್ಕೆ ಅದರ ಪಕ್ಕದಲ್ಲೇ ಮುರಿಯುತ್ತದೆ. ಬ್ಯಾಟರಿ ಲಗ್‌ಗೆ (ಬ್ಯಾಟರಿಗೆ ಸೇರುವ ದಪ್ಪ ವೈರಿನ ತುದಿಯ ಥಿಂಬಲ್) ಹೈಡ್ರಾಲಿಕ್ ಕ್ರಿಂಪರ್, ಹೀಟ್ ಗನ್, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಕಾಯಿಸಿದರೆ ಬಿಗಿಯುವ ಕೊಳವೆ), ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್, ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್, ಹೆಸರು ಅಂಟಿಸಲು ಲೇಬಲ್ ಪ್ರಿಂಟರ್. ವೈರ್ ಮಾತ್ರ ಆಟೋಮೊಬೈಲ್ ವೈರೇ ಆಗಬೇಕು. ಮನೆ ವೈರ್ ಸಾಮಾನ್ಯವಾಗಿ 70 ಡಿಗ್ರಿಗೆ ಮಾಡಿದ್ದು, ಇಂಜಿನ್ ಪಕ್ಕದಲ್ಲಿ ಅದು ಬಾಳುವುದಿಲ್ಲ. ನಾನು ವರ್ಷಕ್ಕೆ ಎರಡು ಸಲ ಬೆಂಗಳೂರಿಗೆ ಹೋಗಿ ಜೆಸಿ ರಸ್ತೆ, ಎಸ್‌ಪಿ ರಸ್ತೆ ಎರಡನ್ನೂ ಸುತ್ತಿ ಕಪ್ಲರ್ (ವೈರಿಗೆ ವೈರ್ ಸಿಕ್ಕಿಸುವ ಜೋಡಣೆ), ರಿಲೇ, ಟರ್ಮಿನಲ್ ತರುತ್ತೇನೆ. ಬಸ್ ಚಾರ್ಜ್ ಕಳೆದರೂ ಲಾಭವೇ.

ಇಷ್ಟೆಲ್ಲ ಸಾಮಾನಿಗಿಂತ ನನಗೆ ಹೆಚ್ಚು ಉಪಯೋಗ ಆಗಿರುವುದು ಒಂದು ಪ್ಲೈವುಡ್ ಹಲಗೆ. ಟ್ರಾಲಿಯ ಅಳತೆ ತೆಗೆದು ಹಲಗೆ ಮೇಲೆ ವೈರ್ ಹೋಗುವ ದಾರಿ ಬರೆದೆ. ತಿರುವು ಇರುವಲ್ಲಿ, ಕವಲು ಒಡೆಯುವಲ್ಲಿ ಮೊಳೆ ಹೊಡೆದೆ. ಉದ್ದನೆಯ ಭಾಗವನ್ನು ಮಡಚಿ ಬರೆದಿದ್ದೇನೆ. ಈಗ ಮೊಳೆಯಿಂದ ಮೊಳೆಗೆ ವೈರ್ ಎಳೆದು, ಸ್ಲೀವ್ ಹಾಕಿ, ಕಪ್ಲರ್ ಕೂರಿಸಿದರೆ ಒಂದೂವರೆ ಗಂಟೆಯಲ್ಲಿ ಒಂದು ಸೆಟ್ ಸಿದ್ಧ. ಟ್ರಾಲಿ ಕೆಳಗೆ ಮಲಗಿ ಮಾಡಿದರೆ ಇದೇ ಕೆಲಸಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಮಳೆಗಾಲದಲ್ಲಿ ಕೆಲಸ ಕಡಿಮೆ ಇದ್ದಾಗ ಸೆಟ್ ಮಾಡಿ ನೇತು ಹಾಕುತ್ತೇನೆ, ಸೀಸನ್‌ನಲ್ಲಿ ಸುಮ್ನೆ ತೆಗೆದು ಜೋಡಿಸುವುದು. ಲ್ಯಾಂಪುಗಳನ್ನು ಕೊಕ್ಕೆ ಇರುವ ಒಂದು ಪಟ್ಟಿಗೆ ಹಾಕಿಕೊಡುತ್ತೇನೆ. ಕಬ್ಬು ತುಂಬಿದ ಮೇಲೆ ಅದನ್ನು ಲೋಡಿನ ಹೊರಗೇ ಸಿಕ್ಕಿಸಬಹುದು, ಹೊಲದಲ್ಲಿ ತೆಗೆದಿಡಬಹುದು.

ಪ್ರತಿ ಕೆಲಸಕ್ಕೂ ಒಂದು ಹಾಳೆಯಲ್ಲಿ ವೈರಿಂಗ್ ಚಿತ್ರ ಬರೆದು ಗಿರಾಕಿಗೆ ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇಡಿ. ಯಾವ ಬಣ್ಣ ಎಲ್ಲಿಗೆ, ಯಾವ ಫ್ಯೂಸ್ ಯಾವುದಕ್ಕೆ, ಜಾಯಿಂಟ್ ಎಲ್ಲಿದೆ. ಗುಟ್ಟು ಬಿಟ್ಟುಕೊಟ್ಟ ಹಾಗಾಗುತ್ತದೆ, ಬೇರೆಯವರ ಹತ್ತಿರ ಹೋಗುತ್ತಾರೆ ಎಂದು ನನಗೆ ಹಲವರು ಹೇಳಿದರು. ಹಾಗೆ ಆಗಲಿಲ್ಲ. ಬೇರೆ ಮಿಸ್ತ್ರಿಗಳೇ ಆ ಹಾಳೆ ನೋಡಿ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸಿದರು.

ರೇಟು ಹೇಳುವಾಗ ಸಾಮಾನು ಬೇರೆ, ಕೈಕೆಲಸ ಬೇರೆ ಬರೆದು ಕೊಡಿ. ಸಾಮಾನಿನ ದುಡ್ಡು ಮೊದಲೇ ತೆಗೆದುಕೊಳ್ಳಿ. ಫಾಲ್ಟ್ ಹುಡುಕುವುದಕ್ಕೆ ಒಂದು ಚಾರ್ಜ್ ಇಡಿ, ಕೆಲಸ ನಿಮಗೇ ಕೊಟ್ಟರೆ ಬಿಲ್ಲಿನಲ್ಲಿ ಕಳೆಯಿರಿ. "ಬರೇ ನೋಡಿದ್ದಕ್ಕ ರೊಕ್ಕ ಏನ್ರಿ?" ಎಂದು ಮೊದಲು ಬೇಜಾರು ಮಾಡಿಕೊಳ್ಳುತ್ತಾರೆ. ಮೀಟರ್ ಹಿಡಿದು ಎಲ್ಲಿ ಎಷ್ಟು ವೋಲ್ಟ್ ಬೀಳುತ್ತಿದೆ ಎಂದು ತೋರಿಸಿದರೆ ಒಪ್ಪುತ್ತಾರೆ. ಉದ್ರಿ ಮಾತ್ರ ತಪ್ಪಿಸಲು ಆಗುವುದಿಲ್ಲ. ಕಬ್ಬಿನ ಬಿಲ್ಲು ಕಾರ್ಖಾನೆಯಿಂದ ಬಂದ ಮೇಲೆಯೇ ರೈತರ ಕೈಯಲ್ಲಿ ದುಡ್ಡು. ಅದಕ್ಕೇ ನಿಮ್ಮ ಎರಡು ಲಕ್ಷದಲ್ಲಿ ಅರವತ್ತು ಸಾವಿರ ಮುಟ್ಟದೆ ಇಡಿ. ನಾನು ಎಲ್ಲವನ್ನೂ ಸಾಮಾನಿಗೆ ಹಾಕಿ ಮೂರು ತಿಂಗಳು ಬಾಡಿಗೆ ಕಟ್ಟಲು ಒದ್ದಾಡಿದ್ದೇನೆ.

ಕಾಗದ ಪತ್ರದ ಕೆಲಸ ನೀವು ಅಂದುಕೊಂಡಷ್ಟು ಇಲ್ಲ. ಸಣ್ಣ ಉದ್ದಿಮೆಗಳಿಗೆ ಇರುವ ಉದ್ಯಮ್ ನೋಂದಣಿ ಸರ್ಕಾರದ ವೆಬ್‌ಸೈಟ್‌ನಲ್ಲಿ ಉಚಿತ, ದುಡ್ಡು ಕೇಳುವವರನ್ನು ನಂಬಬೇಡಿ. ಪುರಸಭೆಯದೋ ಪಂಚಾಯಿತಿಯದೋ ಲೈಸೆನ್ಸ್ ಮಾಡಿಸಿ. ರಿಪೇರಿ ಕೆಲಸಕ್ಕೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ಬೇಕು. ಸಾಲ ಬೇಕಾದರೆ ಕೇಂದ್ರ ಸರ್ಕಾರದ ಮುದ್ರಾ ಸಾಲ ಯೋಜನೆಯ ಶಿಶು ವಿಭಾಗದಲ್ಲಿ 50,000ದವರೆಗೆ ಅಡಮಾನ ಇಲ್ಲದೆ ಸಿಗುತ್ತದೆ.

ಕೆಲವು ಕೆಲಸ ಬಂದರೂ ಬೇಡ ಎನ್ನಿ. ನಾನಾ ಸ್ವರದ ಹಾರ್ನ್‌ಗೆ ಮೋಟಾರು ವಾಹನ ನಿಯಮದಲ್ಲೇ ಅವಕಾಶ ಇಲ್ಲ. ಕಣ್ಣು ಕುಕ್ಕುವ ಎಲ್‌ಇಡಿ ಲೈಟಿನ ಮೇಲೆ ನಮ್ಮ ರಾಜ್ಯದ ಪೊಲೀಸರು 2024ರ ಜುಲೈನಿಂದ ವಿಶೇಷವಾಗಿ ಕೇಸ್ ಹಾಕಲು ಶುರು ಮಾಡಿದರು. ದಂಡ ಕಟ್ಟುವವರು ಗಾಡಿ ಮಾಲೀಕರಾದರೂ ಎದುರಿನ ಬೈಕಿನವನ ಕಣ್ಣು ಕತ್ತಲಾಗುವುದು ನಿಮ್ಮ ಕೈಕೆಲಸದಿಂದ. ವಾರಂಟಿ ಇರುವ ಹೊಸ ಕಾರಿನ ವೈರ್ ಕತ್ತರಿಸಬೇಡಿ, ಕಪ್ಲರ್‌ನಿಂದ ಕಪ್ಲರ್‌ಗೆ ಸೇರುವ ಕಿಟ್ ಇದ್ದರೆ ಮಾತ್ರ ಮಾಡಿ. ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ ತರಬೇತಿ ಇಲ್ಲದೆ ಮುಟ್ಟಲೇಬೇಡಿ, ಅಲ್ಲಿ ಇರುವುದು ನೂರಾರು ವೋಲ್ಟ್.

ಹುಡುಗನ ವಿಷಯ. ಮೊದಲ ಸೀಸನ್ ಒಬ್ಬರೇ ಮಾಡಿ, ಎಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಿಮಗೇ ಗೊತ್ತಾಗಲಿ. ಆಮೇಲೆ ಇಟ್ಟುಕೊಳ್ಳಿ. ಮೊದಲ ವಾರ ಅವನಿಗೆ ಕ್ರಿಂಪ್ ಒಂದೇ ಕಲಿಸಿ. ಒತ್ತಿದ ಪ್ರತಿ ಥಿಂಬಲ್ಲನ್ನೂ ಜಗ್ಗಿ ನೋಡಲಿ, ಕಿತ್ತು ಬಂದದ್ದನ್ನು ಡಬ್ಬಿಗೆ ಹಾಕಲಿ, ಸಂಜೆ ಎಣಿಸಿ. ಡಬ್ಬಿ ಖಾಲಿ ಬರಲು ಶುರುವಾದ ದಿನ ಹಲಗೆಯ ಮುಂದೆ ನಿಲ್ಲಿಸಿ. ನನ್ನ ಹತ್ತಿರ ಈಗ ಇಬ್ಬರು ಹುಡುಗರಿದ್ದಾರೆ, ಇಡೀ ಟ್ರಾಲಿ ಸೆಟ್ ಅವರೇ ಮಾಡುತ್ತಾರೆ. ಬ್ಯಾಟರಿ ಲಗ್ ಮತ್ತು ಮೇನ್ ಫ್ಯೂಸ್ ಮಾತ್ರ ಇನ್ನೂ ನಾನೇ ಹಾಕುತ್ತೇನೆ.