ಊರೀಯನ ಕೈಯಲ್ಲಿದ್ದ ಕಾಗದ

ಈ ಸಲದ ಕಾಗದ ಬಳ್ಳಾರಿಯ ಕೌಲ್‌ಬಜಾರಿನಿಂದ ಬಂದಿದೆ. ಬರೆದವರು ಮದ್ರಾಸ್ ರೆಜಿಮೆಂಟಿನಲ್ಲಿ 22 ವರ್ಷ ಇದ್ದು ನಿವೃತ್ತರಾದ ಹವಾಲ್ದಾರರು. ಹುಟ್ಟೂರು ಮುದಗಲ್, ಕ್ಯಾಥೊಲಿಕ್ ಮನೆತನ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರು ಕೇಳುವುದು ಇಷ್ಟು: 'ನನ್ನ ಪತ್ತೇದಾರಿ ಕಥೆಯನ್ನು ಎರಡು ಸಲ ವಾಪಸ್ ಕಳಿಸಿದಿರಿ. ನನ್ನ ಪತ್ತೇದಾರ ನಿವೃತ್ತ ಸುಬೇದಾರ, ದಿನಾ ಜಪಸರ ಹಿಡಿಯುವವನು. ಯೇಸುವಿನ ಹೆಸರು ಬಂದರೆ ಕನ್ನಡದವರು ಪುಟ ತಿರುಗಿಸುತ್ತಾರೆ ಅಂತ ನಿಮಗೆ ಭಯವೇ? ಅಥವಾ ಫೌಜಿಗೆ ಬರೆಯಲು ಬರುವುದಿಲ್ಲ ಅಂತಲೇ?'

ಹವಾಲ್ದಾರ್ ಸಾಹೇಬರೇ, ಎರಡೂ ಅಲ್ಲ. ಕಥೆ ವಾಪಸ್ ಬಂದಿದ್ದು ಕೊನೆಯ ಎರಡು ಪುಟಗಳಿಂದಾಗಿ. ಚರ್ಚಿನ ಉಪದೇಶಿಯ ಕೊಲೆಯಾಗಿದೆ, ಬೆಳ್ಳಿಯ ಪೂಜಾಪಾತ್ರೆ ಕಾಣೆಯಾಗಿದೆ. ಊರವರ ಮೇಲೆಲ್ಲ ಅನುಮಾನ ಹುಟ್ಟಿಸಿದ್ದೀರಿ, ಅದೆಲ್ಲ ಚೆನ್ನಾಗಿದೆ. ಆಮೇಲೆ ಸುಬೇದಾರ ಪೀಠದ ಮುಂದೆ ಮೊಣಕಾಲೂರುತ್ತಾನೆ, ಕನಸಿನಲ್ಲಿ ಕೊಲೆಗಾರನ ಮುಖ ಕಾಣುತ್ತದೆ. ಮುಗಿಯಿತು! ಅಲ್ಲಿಯವರೆಗೆ ತಲೆ ಕೆರೆದುಕೊಂಡು ಓದಿದವನ ಗತಿ ಏನು?

ರೊನಾಲ್ಡ್ ನಾಕ್ಸ್ ಎಂಬುವರು 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ಕಟ್ಟಳೆ ಬರೆದರು. ದೈವದ ಪವಾಡದಿಂದ ಗುಟ್ಟು ಬಿಡಿಸಬಾರದು ಎನ್ನುವುದು ಅದರಲ್ಲೊಂದು. ನಾಕ್ಸ್ ನಾಸ್ತಿಕರಲ್ಲ, ಕ್ಯಾಥೊಲಿಕ್ ಪಾದ್ರಿ. ಪ್ರಾರ್ಥನೆಯನ್ನು ನಂಬಿದವರೇ ಅದನ್ನು ಸುಳಿವಿನ ಜಾಗಕ್ಕೆ ತರಬೇಡಿ ಎಂದರು. ನಿಮ್ಮ ಸುಬೇದಾರ ಪ್ರಾರ್ಥನೆ ಮಾಡಲಿ, ಬೇಡ ಅನ್ನುವುದಿಲ್ಲ. ಎದ್ದು ಬಂದ ಮೇಲೂ ಅವನಿಗೆ ಏನೂ ಗೊತ್ತಾಗಿರಬಾರದು, ಅಷ್ಟೇ.

ನಾನು ಕ್ರೈಸ್ತನಲ್ಲ. ಆದರೆ ಬಳ್ಳಾರಿಯ ಮಿಷನ್ ಶಾಲೆಯಲ್ಲಿ ಓದಿದವನು. ಬೈಬಲ್ ಪೀರಿಯಡ್ಡಿನಲ್ಲಿ ಕೇಳಿದ ಒಂದು ಕಥೆ ಇವತ್ತಿಗೂ ಬಿಟ್ಟಿಲ್ಲ. ನಿಮಗೆ ಗೊತ್ತಿರುವುದೇ, ಓದುಗರಿಗಾಗಿ ಹೇಳುತ್ತೇನೆ.

ದಾವೀದ ರಾಜ ತನ್ನ ಸಿಪಾಯಿ ಊರೀಯನ ಹೆಂಡತಿಯನ್ನು ಕೂಡಿದ. ಅವಳು ಬಸುರಾದಳು. ರಾಜ ಊರೀಯನನ್ನು ಯುದ್ಧದಿಂದ ಕರೆಸಿದ, ಮನೆಗೆ ಹೋಗು ಎಂದ. ಊರೀಯ ಹೋಗಲಿಲ್ಲ. ಜೊತೆಯವರೆಲ್ಲ ಬಯಲಿನಲ್ಲಿ ಮಲಗಿರುವಾಗ ನಾನು ಮನೆಗೆ ಹೋಗಿ ಉಂಡು ಹೆಂಡತಿ ಜೊತೆ ಮಲಗಲೇ ಅಂತ ಅರಮನೆ ಬಾಗಿಲಲ್ಲೇ ಒರಗಿದ. ಆಗ ರಾಜ ಸೇನಾಪತಿ ಯೋವಾಬನಿಗೆ ಒಂದು ಕಾಗದ ಬರೆದ. ಇವನನ್ನು ಕಾಳಗ ಬಿರುಸಾಗಿರುವ ಕಡೆ ಮುಂದೆ ನಿಲ್ಲಿಸಿ, ನೀವು ಹಿಂದೆ ಸರಿಯಿರಿ, ಇವನು ಸಾಯಲಿ. ಆ ಕಾಗದವನ್ನು ಯಾರ ಕೈಯಲ್ಲಿ ಕಳಿಸಿದ? ಊರೀಯನ ಕೈಯಲ್ಲೇ. ತನ್ನ ಸಾವಿನ ಹುಕುಮನ್ನು ತಾನೇ ಹೊತ್ತು ನಡೆದ, ಬಿಚ್ಚಿ ನೋಡಲಿಲ್ಲ. ಸಿಪಾಯಿ ಅಲ್ವಾ, ಮೇಲಿನವರ ಕಾಗದ ಬಿಚ್ಚುವುದಿಲ್ಲ.

ಆಮೇಲೆ ಬರುವ ಸಣ್ಣ ವಿವರ ಇನ್ನೂ ಚೆಂದ. ಯೋವಾಬ ಸುದ್ದಿ ಒಯ್ಯುವವನಿಗೆ ಹೇಳಿ ಕಳಿಸುತ್ತಾನೆ: ಗೋಡೆಯ ಹತ್ತಿರ ಯಾಕೆ ಹೋದಿರಿ, ಇಷ್ಟು ಜನ ಯಾಕೆ ಸತ್ತರು ಅಂತ ರಾಜ ಸಿಟ್ಟಾದರೆ, ಊರೀಯನೂ ಸತ್ತ ಅಂತ ಹೇಳು. ಸಾವಿನ ವರದಿಯಲ್ಲಿ ಒಂದೇ ಒಂದು ಹೆಸರು ಬೇರೆಯಾಗಿ ಬರುತ್ತದೆ, ಅದನ್ನು ಕೇಳಿದ ರಾಜನ ಸಿಟ್ಟು ಇಳಿಯುತ್ತದೆ. ಪತ್ತೇದಾರನಿಗೆ ಇದಕ್ಕಿಂತ ಒಳ್ಳೆ ಸುಳಿವು ಬೇಕೇ?

ಕೊಲೆಗಾರನನ್ನು ಹಿಡಿದದ್ದು ಪ್ರವಾದಿ ನಾತಾನ. ಅವನಿಗೆ ವಿಷಯ ದೇವರಿಂದಲೇ ಗೊತ್ತಾಗಿದ್ದು, ನಿಜ. ಹಾಗಂತ ಬಂದು ದೇವರು ಹೇಳಿದ ಅಂತ ಆರೋಪ ಹೊರಿಸಲಿಲ್ಲ. ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಸಾಹುಕಾರನ ಕಥೆ ಹೇಳಿದ. ರಾಜ ಸಿಟ್ಟಿನಿಂದ ತೀರ್ಪು ಕೊಟ್ಟ. ಆಗ 'ಆ ಮನುಷ್ಯನು ನೀನೇ' ಎಂದ. ನಿಮ್ಮ ನಂಬಿಕೆ, ನಿಮ್ಮ ನೌಕರಿ ಎರಡೂ ಒಂದೇ ಕಥೆಯಲ್ಲಿ ಕೂತಿವೆ. ಮನೆಯಲ್ಲೇ ಇಂಥದ್ದು ಇರುವಾಗ ಸಿನಿಮಾ ನೋಡಿ ಯಾಕೆ ಬರೆದಿರಿ?

ಹೌದು, ಸಿನಿಮಾ ನೋಡಿಯೇ ಬರೆದಿದ್ದೀರಿ. ನಿಮ್ಮ ಕೊಲೆಗಾರ ರಜೆಗೆ ಬಂದ ಸಿಪಾಯಿ. ಪಲ್ಟನ್ನಿನ ರೈಫಲ್ಲನ್ನು ಟ್ರಂಕಿನಲ್ಲಿಟ್ಟುಕೊಂಡು ಮನೆಗೆ ಬಂದಿದ್ದಾನೆ! ಕೋತಿನಲ್ಲಿ, ಅಂದರೆ ಪಲ್ಟನ್ನಿನ ಶಸ್ತ್ರಾಗಾರದಲ್ಲಿ, ಬಂದೂಕು ಎಣಿಸಿ ಕೊಟ್ಟು, ಎಣಿಸಿ ತೆಗೆದುಕೊಂಡ ನಿಮಗೆ ಹೇಳಬೇಕೇ? ಫೈರಿಂಗ್ ಆದ ಮೇಲೆ ಖಾಲಿ ಖೋಖಾಗಳನ್ನು (ಗುಂಡಿನ ಖಾಲಿ ಕವಚಗಳನ್ನು) ಹೆಕ್ಕಿ ಲೆಕ್ಕ ಒಪ್ಪಿಸುತ್ತಿದ್ದಿರಿ ಅಂತ ನಿಮ್ಮ ಕಾಗದದಲ್ಲೇ ಇದೆ. ಲೆಕ್ಕದಲ್ಲಿ ಒಂದು ಖೋಖಾ ಕಮ್ಮಿ, ಎಲ್ಲರೂ ಬಿಸಿಲಿನಲ್ಲಿ ಹುಲ್ಲು ಕೆದಕುತ್ತಿದ್ದಾರೆ, ಅದು ಒಬ್ಬನ ಬೂಟಿನಲ್ಲಿದೆ. ಅಲ್ಲಿಂದ ಕಥೆ ಶುರುವಾದರೆ ನಾನು ಪುಟ ಕೆಳಗಿಡುವುದಿಲ್ಲ.

ಇನ್ನೊಂದು ತಪ್ಪು. ರಜೆಯ ಮೇಲೆ ಊರಿಗೆ ಬಂದ ಸಿಪಾಯಿ ಊರಿನವನೊಬ್ಬನನ್ನು ಕೊಂದರೆ ಕೋರ್ಟ್ ಮಾರ್ಷಲ್ ಆಗುವುದಿಲ್ಲ. 1950ರ ಸೇನಾ ಕಾಯ್ದೆಯ 70ನೇ ಕಲಮಿನ ಪ್ರಕಾರ ಆ ಕೇಸು ಮಾಮೂಲಿ ಪೊಲೀಸರಿಗೆ, ಮಾಮೂಲಿ ಕೋರ್ಟಿಗೆ. ಅಂದರೆ ನಿಮ್ಮ ಸುಬೇದಾರ ಠಾಣೆಯ ಬೆಂಚಿನ ಮೇಲೆ ಕಾಯಬೇಕು, ಪೇದೆಯೊಬ್ಬ 'ಏನ್ರೀ ಯಜಮಾನ್ರೇ' ಅನ್ನಬೇಕು. ಆರ್ಡರ್ ಕೊಟ್ಟೇ ಅಭ್ಯಾಸವಾದವನಿಗೆ ಅದು ಎಷ್ಟು ಚುಚ್ಚುತ್ತದೆ ಅಂತ ನನಗಿಂತ ನಿಮಗೆ ಗೊತ್ತು.

ಈಗ ಫಾದರ್ ವಿಷಯಕ್ಕೆ ಬರೋಣ. ನಿಮ್ಮ ಕಥೆಯ ಫಾದರ್ ಪೂಜೆ ಮಾಡುತ್ತಾರೆ, ಚಹಾ ಕೊಡುತ್ತಾರೆ, ಬೇರೆ ಕೆಲಸವಿಲ್ಲ. ಕಥೆಯ ಗಂಟು ಇರಬೇಕಾದದ್ದೇ ಅವರ ಹತ್ತಿರ. ಕೊಲೆಗಾರ ಅವರ ಮುಂದೆ ಪಾಪನಿವೇದನೆ ಮಾಡಿದ್ದಾನೆ, ಅಂದರೆ ತನ್ನ ಪಾಪವನ್ನು ಗುಟ್ಟಾಗಿ ಹೇಳಿಕೊಂಡಿದ್ದಾನೆ ಅಂತಿಟ್ಟುಕೊಳ್ಳಿ. ನಿಮ್ಮ ಕ್ಯಾಥೊಲಿಕ್ ಸಭೆಯ ಕಾನೂನಿನ 983ನೇ ಕಲಮು ಹೇಳುತ್ತದೆ: ಕೇಳಿದ್ದನ್ನು ಮಾತಿನಿಂದಾಗಲಿ ಇನ್ನೊಂದು ರೀತಿಯಿಂದಾಗಲಿ, ಯಾವ ಕಾರಣಕ್ಕೂ ಹೊರಗೆ ಬಿಡುವಂತಿಲ್ಲ. ಅದರ ಮುಂದಿನ ಕಲಮು ಇನ್ನೂ ಬಿಗಿ. ಆ ತಿಳಿವಳಿಕೆಯನ್ನು ನಿವೇದನೆ ಮಾಡಿದವನಿಗೆ ತೊಂದರೆಯಾಗುವ ಹಾಗೆ ಬಳಸುವಂತೆಯೂ ಇಲ್ಲ. ಅಂದರೆ ಚರ್ಚಿನ ಬೀಗದ ಕೈ ಕೊಲೆಗಾರನ ಹತ್ತಿರವೇ ಇದ್ದರೂ, ನಿವೇದನೆಯಲ್ಲಿ ಕೇಳಿದ್ದಕ್ಕಾಗಿ ಅದನ್ನು ಅವನಿಂದ ಕಿತ್ತುಕೊಳ್ಳುವಂತಿಲ್ಲ. ಇತ್ತ ನಮ್ಮ ಸಾಕ್ಷ್ಯ ಕಾನೂನು ವಕೀಲರ ಗುಟ್ಟಿಗೆ, ಗಂಡ ಹೆಂಡತಿಯ ಗುಟ್ಟಿಗೆ ರಕ್ಷಣೆ ಕೊಟ್ಟಿದೆ, ಪಾದ್ರಿಗಳ ಹೆಸರು ಅಲ್ಲಿಲ್ಲ. ಕಟಕಟೆಯಲ್ಲಿ ನಿಂತ ಫಾದರ್ ಏನು ಮಾಡುತ್ತಾರೆ? ಎದುರು ಕೂತ ಸುಬೇದಾರ ಅವರ ಮೌನವನ್ನು ಹೇಗೆ ಓದುತ್ತಾನೆ? ಅವನಿಗೂ ಬಾಯಿ ಬಿಡಲಾಗದ ಪಲ್ಟನ್ನಿನ ಗುಟ್ಟು ಒಂದಿದ್ದರೆ? ಜಪಸರ, ಮೆಡಲ್ಲು ಇವೆಲ್ಲ ಅಲಂಕಾರ. ನಂಬಿಕೆಯೂ ಫೌಜೂ ಪತ್ತೇದಾರನ ಕೈ ಕಟ್ಟಿಹಾಕಿದಾಗ ಮಾತ್ರ ಅವು ಕಥೆಗೆ ಬೇಕಾದವು ಅನ್ನಿಸುತ್ತವೆ.

ಚೆಸ್ಟರ್ಟನ್ ಬರೆದ ಇಂಗ್ಲಿಷ್ ಕಥೆಗಳ ಪಾದ್ರಿ ಪತ್ತೇದಾರ ಫಾದರ್ ಬ್ರೌನ್ ಹುಟ್ಟಿದ್ದೂ ಈ ದಾರಿಯಲ್ಲೇ. ಪಾದ್ರಿಗಳು ಲೋಕ ಕಾಣದವರು ಅಂತ ಎಲ್ಲರೂ ತಿಳಿದಿದ್ದಾಗ, ತನಗೆ ಪರಿಚಯವಾದ ಒಬ್ಬ ಪಾದ್ರಿಗೆ ಮನುಷ್ಯನ ಕೆಡುಕು ಎಷ್ಟು ಚೆನ್ನಾಗಿ ಗೊತ್ತಿದೆ ಅಂತ ಚೆಸ್ಟರ್ಟನ್ ಬೆರಗಾದರು. ಫಾದರ್ ಬ್ರೌನ್ ಕಥೆಗಳ ಮೊದಲ ಸಂಕಲನ ಬಂದದ್ದು 1911ರಲ್ಲಿ. ಆಗ ಚೆಸ್ಟರ್ಟನ್ ಇನ್ನೂ ಕ್ಯಾಥೊಲಿಕ್ ಆಗಿರಲಿಲ್ಲ, ಆದದ್ದು 1922ರಲ್ಲಿ.

ಒಂದು ಎಚ್ಚರಿಕೆ, ನನ್ನದೇ ಪೆಟ್ಟಿನಿಂದ ಕಲಿತದ್ದು. ಹಿಂದೊಮ್ಮೆ ನಾವು ಹಾಕಿದ ಕಥೆಯಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟಂಟರದು) ಚರ್ಚಿನ ಪಾಸ್ಟರು ನಿವೇದನೆಯ ಪೆಟ್ಟಿಗೆಯಲ್ಲಿ ಕೂತಿದ್ದರು! ಅಲ್ಲಿ ಆ ಪೆಟ್ಟಿಗೆಯೇ ಇರುವುದಿಲ್ಲ. ರಾಯಚೂರಿನಿಂದ ಬಂದ ಬೈಗುಳದ ಕಾಗದಗಳನ್ನು ಇನ್ನೂ ಇಟ್ಟಿದ್ದೇನೆ. ನಿಮ್ಮವರು ಬಲಿಪೂಜೆ ಅನ್ನುತ್ತಾರೆ, ಅವರು ಆರಾಧನೆ ಅನ್ನುತ್ತಾರೆ. ಸುಸನ್ನಳ ಕಥೆ ನಿಮ್ಮ ಬೈಬಲ್ಲಿನಲ್ಲಿದೆ, ಅವರದ್ದರಲ್ಲಿಲ್ಲ. ಅದರಲ್ಲಿ ಸುಸನ್ನಳ ಮೇಲೆ ಸುಳ್ಳು ಸಾಕ್ಷಿ ಹೇಳಿದ ಇಬ್ಬರು ಹಿರಿಯರನ್ನು ದಾನಿಯೇಲ ಬೇರೆ ಬೇರೆ ನಿಲ್ಲಿಸಿ, ಯಾವ ಮರದ ಕೆಳಗೆ ನೋಡಿದಿರಿ ಅಂತ ಕೇಳುತ್ತಾನೆ. ಇಬ್ಬರೂ ಬೇರೆ ಬೇರೆ ಮರ ಹೇಳಿ ಸಿಕ್ಕಿಬೀಳುತ್ತಾರೆ. ಯಾವ ಪೊಲೀಸನೂ ಇವತ್ತಿಗೂ ಮಾಡುವುದು ಅದನ್ನೇ.

ಓದುಗರು ಪುಟ ತಿರುಗಿಸುತ್ತಾರೆ ಅನ್ನುವ ಅಂಜಿಕೆ ಬಿಡಿ. ನಿಮ್ಮ ಮುದಗಲ್ಲಿನಲ್ಲಿ 16ನೇ ಶತಮಾನದಿಂದ ಕ್ಯಾಥೊಲಿಕರಿದ್ದಾರೆ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಇಲ್ಲೇ ಕೂತು ಬೈಬಲನ್ನು ಕನ್ನಡಕ್ಕೆ ತಂದರು. ಕಂಟೋನ್ಮೆಂಟ್, ಅಂದರೆ ದಂಡು, ಅನ್ನುವ ಹೆಸರು ನಮ್ಮ ರೈಲ್ವೆ ಸ್ಟೇಷನ್ನಿಗೇ ಅಂಟಿದೆ. ನಿಮ್ಮ ರೆಜಿಮೆಂಟಿನ ಧ್ಯೇಯವಾಕ್ಯ ಭಗವದ್ಗೀತೆಯದು: 'ಸ್ವಧರ್ಮೇ ನಿಧನಂ ಶ್ರೇಯಃ', ತನ್ನ ಧರ್ಮದಲ್ಲಿ ಸಾಯುವುದೇ ಮೇಲು ಅಂತ. ಜಪಸರ ಹಿಡಿದವನು 22 ವರ್ಷ ಆ ಮಾತಿನ ಕೆಳಗೆ ನಿಂತು ಸೆಲ್ಯೂಟ್ ಹೊಡೆದಿದ್ದಾನೆ, ಅದರ ಬಗ್ಗೆ ನಿಮ್ಮ ಕಥೆಯಲ್ಲಿ ಒಂದು ಸಾಲೂ ಇಲ್ಲ. ಸುಮ್ನೆ ಉಪದೇಶಕ್ಕೆ ಎರಡು ಪುಟ ಕೊಟ್ಟಿದ್ದೀರಿ. ಅದನ್ನು ತೆಗೆದು ಇದನ್ನು ಬರೆಯಿರಿ.

ಮೂರನೇ ಸಲ ಕಳಿಸಿ, ಕಾಯುತ್ತೇನೆ. ಕಳಿಸುವ ಮುಂಚೆ ನಾಲ್ಕನೇ ಪುಟ ಮಾತ್ರ ಇನ್ನೊಮ್ಮೆ ನೋಡಿ. ಅಲ್ಲಿ ಕೌಲ್‌ಬಜಾರಿನ ಮೇಲೆ ದಟ್ಟ ಮಂಜು ಕವಿದಿದೆ, ಕೊಲೆಗಾರ ಅದರಲ್ಲಿ ಮಾಯವಾಗುತ್ತಾನೆ. ಕಥೆ ನಡೆಯುವುದು ಮೇ ತಿಂಗಳಲ್ಲಿ.

— ಸಂಪಾದಕ