ಐಸ್ ಮಾರುವಲ್ಲಿಗೆ ಬಿಯರ್ ಬಂದ ಬಗೆ

ಟೆಕ್ಸಾಸ್‌ನಲ್ಲಿ ಬಿಯರ್ ಕುಡಿಯುವ ಜಾಗಕ್ಕೆ 'ಐಸ್‌ಹೌಸ್' ಅಂತ ಯಾಕೆ ಹೆಸರು ಅಂತ ಕೇಳಿದ್ದೀರಿ. ಮೊದಲು ಅಲ್ಲಿ ನಿಜಕ್ಕೂ ಐಸನ್ನೇ ಮಾರುತ್ತಿದ್ದರು. ಮನೆಯಲ್ಲಿ ಫ್ರಿಜ್ ಇರಲಿಲ್ಲ ಅಲ್ವಾ? 1927ರಲ್ಲಿ ಡಲ್ಲಾಸ್‌ನ ಒಂದು ಐಸ್‌ಹೌಸ್ ಹಾಲು, ಬ್ರೆಡ್, ಮೊಟ್ಟೆಯನ್ನೂ ಮಾರತೊಡಗಿತು. ದಿನಬಳಕೆ ಸಾಮಾನಿನ ಅಂಗಡಿ ಸರಣಿ ಸೆವೆನ್ ಇಲೆವೆನ್ ಹುಟ್ಟಿದ್ದು ಹಾಗೆ! 1933ರಲ್ಲಿ ಪಾನನಿಷೇಧ ಹೋದ ಮೇಲೆ ತಣ್ಣನೆಯ ಬಿಯರೂ ಬಂತು.

ನಾನು ಹ್ಯೂಸ್ಟನ್‌ನಲ್ಲಿದ್ದಾಗ ನಮ್ಮ ಬೀದಿ ಕೊನೆಯಲ್ಲೊಂದಿತ್ತು. ಎಸಿ ಇಲ್ಲ, ಶಟರ್ ಎತ್ತಿದರೆ ಗಾಳಿ, ಅಷ್ಟೇ. ಅಂಗಡಿಯ ಅಜ್ಜ ಐಸ್ ನೀರಿಗೆ ಮೊಣಕೈವರೆಗೂ ಕೈ ಹಾಕಿ ಬಾಟಲಿ ತೆಗೆದು, ಬಟ್ಟೆಯಲ್ಲಿ ಒರೆಸಿ ಕೊಡುತ್ತಿದ್ದರು. ಈಗ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ನೆನೆದರೆ ಸಂಕಟವಾಗುತ್ತದೆ.

ಹಳೆಯದೊಂದನ್ನು ನೋಡಬೇಕೆಂದರೆ ಹ್ಯೂಸ್ಟನ್‌ನಲ್ಲೇ ಇರುವ 1928ರ ವೆಸ್ಟ್ ಅಲಬಾಮಾ ಐಸ್‌ಹೌಸ್ ನೋಡಿ. ಬಿಸಿಲಿಳಿದ ಮೇಲೆ ಹೋಗಿ, ಹೊರಗಿನ ಬೆಂಚಲ್ಲೇ ಕೂತುಕೊಳ್ಳಿ.